ದೊಡ್ಡಕೆರೆಯ ಮೊಳಕೈ ನೀರು

ಮೊನ್ನೆ ಸೋಮವಾರ ಯಲ್ಲಾಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನ ಬಾಗಿಲು ತೆರೆದವಳು ನಾನೇ. ನಾಲ್ಕು ದಿನ ರಜೆ ಇತ್ತು. ಯಾರೋ ಪುಣ್ಯಾತ್ಮರು ಮೇಜಿನ ಮೇಲಿನ ಹೂದಾನಿಯ ನೀರು ಚೆಲ್ಲದೆ ಹೋಗಿದ್ದರು. ದಾಸವಾಳದ ಕಡ್ಡಿ ಕೊಳೆತು, ನೀರು ಹಸಿರುಗಟ್ಟಿ, ಕೋಣೆಯ ತುಂಬ ವಾಸನೆ. ಹಸಿ ಹುಲ್ಲನ್ನೂ ಹಳಸಿದ ಗಂಜಿಯನ್ನೂ ಒಟ್ಟಿಗೆ ಮುಚ್ಚಿಟ್ಟ ಹಾಗಿತ್ತು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು. ನಾನು ಹೂದಾನಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಹಿಂದೆಯೇ ಬಂದ ಹೆಡ್ ಮೇಡಂ, "ಎಂತ ಮಾಲತಿ, ಹೂದಾನಿ ಹಿಡ್ಕೊಂಡು ಧ್ಯಾನವಾ?" ಎಂದು ನಕ್ಕರು. "ದೊಡ್ಡಕೆರೆ ನೆನಪಾಯ್ತು ಮೇಡಂ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ನಾನೂ ಅಲ್ಲಿ ನಿಂತು ಬಿಡಿಸಿ ಹೇಳಲಿಲ್ಲ.

ಹೇಳಬೇಕಾದದ್ದು ಒಂದು ವರ್ಷದ ಕತೆ. ಕೊರೋನಾ ಗಲಾಟೆಯೆಲ್ಲ ಮುಗಿದು, ಮಕ್ಕಳು ಮಾಸ್ಕು ಬಿಚ್ಚಿ ಪೂರ್ತಿ ಮುಖ ತೋರಿಸಿದ ವರ್ಷ ಅದು. ನಾನು ಆಗ ಶಿರಸಿ ತಾಲೂಕಿನ ಪೂರ್ವದಂಚಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರಿಗೆ ಸಂಕೋಚವಾದೀತು. ಬನವಾಸಿ ಕಡೆಯ ಬಸ್ಸು ಹತ್ತಿದರೆ ಕಾಡು ತೆಳ್ಳಗಾಗುತ್ತ ಬಂದು, ಗದ್ದೆ ಬಯಲು ತೆರೆದುಕೊಂಡು, ಮಾತಿನ ಧಾಟಿಯೇ ಬದಲಾಗುವ ಜಾಗವದು. ಉಮ್ಮಚಗಿ ಕಡೆಯವಳಾದ ನನಗೆ ಮೊದಲ ದಿನ ಮಕ್ಕಳು "ಅಕ್ಕೋರೆ, ಒಳಗ ಬರ್ರಿ" ಎಂದು ನನ್ನ ತರಗತಿಗೆ ನನ್ನನ್ನೇ ಕರೆದಾಗ ನಗು ತಡೆಯಲಾಗಲಿಲ್ಲ. ಟೀಚರಿಗೆ ಅಲ್ಲಿ ಅಕ್ಕೋರು ಎನ್ನುತ್ತಾರೆ. ಆ ಊರಿಗೊಂದು ಕೆರೆ. ದೊಡ್ಡಕೆರೆ ಅಂತಲೇ ಹೆಸರು. ಈ ದಂಡೆಯಲ್ಲಿ ನಿಂತು ಆ ದಂಡೆ ನೋಡಿದರೆ ಅಲ್ಲಿರುವುದು ಕಲ್ಲೋ ಎಮ್ಮೆಯೋ ತಿಳಿಯುವುದಿಲ್ಲ, ಅಷ್ಟು ದೊಡ್ಡದು.

ಗದ್ದೆಗೆ ನೀರು ಬಿಡಲು ಆ ಕೆರೆಯ ತೂಬು ಎತ್ತುವ, ಇಳಿಸುವ ಕೆಲಸ ಬಂಗಾರಮ್ಮನದು. ಗಂಡ ಮಾಡುತ್ತಿದ್ದ ನೀರುಗಂಟಿಯ ಕೆಲಸ, ಅವನು ತೀರಿಕೊಂಡ ಮೇಲೆ ಊರವರು ಬೇರೆ ಗಂಡಸನ್ನು ಹುಡುಕುವ ಮೊದಲೇ ಈಕೆ ಹೋಗಿ ತೂಬು ತಿರುಗಿಸಿ ಗದ್ದೆಗೆ ನೀರು ಬಿಟ್ಟು ಬಂದಿದ್ದಳಂತೆ. ಆಮೇಲೆ ಯಾರೂ ಕೇಳಲಿಲ್ಲ. ನಲವತ್ತೈದರ ಹತ್ತಿರದ, ಕಪ್ಪಗೆ ಗಟ್ಟಿಮುಟ್ಟಾದ ಹೆಂಗಸು. ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಗೆ ವಾರಕ್ಕೊಮ್ಮೆ ಎಣ್ಣೆ ಸವರಿ ಮನೆಯ ಬಾಗಿಲ ಪಕ್ಕ ತೂಗುಹಾಕುತ್ತಿದ್ದಳು. ದೇವರ ಫೋಟೋ ಒಳಗೆ, ಹಿಡಿಕೆ ಹೊರಗೆ. ನಾನೊಮ್ಮೆ ಹಾಗೆಂದು ಚೇಷ್ಟೆ ಮಾಡಿದ್ದಕ್ಕೆ, "ದೇವರನ್ನ ಯಾರೂ ಕದಿಯಂಗಿಲ್ಲರಿ ಅಕ್ಕೋರೆ, ಹಿಡಿಕಿನೂ ಯಾರೂ ಕದಿಯಂಗಿಲ್ಲ. ಎರಡೂ ಹೊರಾಕ ಒಜ್ಜೆ ಅದಾವು" ಎಂದಿದ್ದಳು.

ಅವಳು ನೀರು ನೋಡುತ್ತಿದ್ದ ಬಗೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. ತೂಬಿನ ಪಕ್ಕದ ಚಪ್ಪಡಿಯ ಮೇಲೆ ಬೋರಲಾಗಿ ಮಲಗಿ, ಬಲಗೈ ನೀರಿಗೆ ಬಿಡುವಳು. ಬೆರಳು ಅಗಲಿಸಿ ನಿಧಾನವಾಗಿ ಕೈ ಇಳಿಸುತ್ತ ಹೋಗುವಳು. ಐದು ಬೆರಳು ಎಣಿಸಲು ಬರುವವರೆಗೆ ಇಳಿಸಬೇಕು, ಒಂದು ಬೆರಳು ಮಾಯವಾದರೆ ನಿಲ್ಲಿಸಬೇಕು. ಆಗ ನೀರು ಕೈಯಲ್ಲಿ ಎಲ್ಲಿಗೆ ಬಂದಿದೆ ನೋಡಬೇಕು. ಮಣಿಕಟ್ಟಿಗೆ ಬಂದಿದ್ದರೆ ಅದು ಮಣಿಕಟ್ಟು ನೀರು, ಕೆಟ್ಟದ್ದು. ಮೊಳಕೈಗೆ ಬಂದರೆ ಮೊಳಕೈ ನೀರು, ಪರವಾಗಿಲ್ಲ. ರಟ್ಟೆಯವರೆಗೆ ಮುಳುಗಿದರೂ ಬೆರಳು ಕಂಡರೆ ರಟ್ಟೆ ನೀರು. "ನಮ್ಮತ್ತಿ ಕಾಲಕ್ಕ ರಟ್ಟಿ ನೀರು ಇತ್ತರಿ. ನಾ ಮದುವ್ಯಾಗಿ ಬಂದಾಗ ಮೊಳಕೈ. ಈಗ ನೋಡ್ರಿ, ಮಣಿಕಟ್ಟು" ಎಂದು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುವಳು. ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಬಾಯಿ ಬಿಟ್ಟು ಕೇಳಿದೆ, ತಲೆಗೆ ಹಾಕಿಕೊಳ್ಳಲಿಲ್ಲ. ನನ್ನ ಸ್ವಭಾವವೇ ಅಂಥದ್ದು. ಕೆಲಸ ಎಂದರೆ ಮೊದಲು ಮಾಡಿಬಿಡಬೇಕು, ಯೋಚನೆ ಆಮೇಲೆ. ಆ ವರ್ಷ ಕೆರೆಯ ಮೇಲೆ ಅಂತರಗಂಗೆ ವಿಪರೀತ ಬೆಳೆದಿತ್ತು. ನೀಲಿ ಹೂ ಬಿಡುವ ತೇಲುಕಳೆ. ದೂರದಿಂದ ಚಂದ, ಹತ್ತಿರ ಹೋದರೆ ಸೊಳ್ಳೆ. ಜನವರಿಯಲ್ಲಿ ಶಾಲೆಯಿಂದ ಶ್ರಮದಾನ ಎಂದು ನಿಶ್ಚಯಿಸಿದವಳು ನಾನು. ಎಂಟು, ಒಂಬತ್ತು, ಹತ್ತರ ಮಕ್ಕಳೆಲ್ಲ ಇಳಿದರು. ಹಗ್ಗ ಹಾಕಿ ಎಳೆದರು, ಹಾಡು ಹೇಳಿದರು, ಕೆಸರಲ್ಲಿ ಬಿದ್ದರು. ನಾಲ್ಕು ಶನಿವಾರ ಎಳೆದು, ಏರಿಯ ಒಳಮೈಗೆ ಉದ್ದಕ್ಕೂ ರಾಶಿ ಒಟ್ಟಿದೆವು. ಕೆರೆ ಥಳಥಳ ಎಂದಿತು. ಫೋಟೋ ತೆಗೆದೆವು. ಪಂಚಾಯ್ತಿಯವರು ನನಗೊಂದು ಶಾಲು ಹೊದಿಸಿದರು. ಶಾಲು ಹೊದ್ದುಕೊಂಡು ನಾನು ಮಾಡಿದ ಭಾಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಂಗಾರಮ್ಮ ಎರಡು ಸಲ ಹೇಳಿದ್ದಳು. ಮೊದಲ ಶನಿವಾರವೇ ಬಂದು, "ಅಕ್ಕೋರೆ, ಇದನ್ನ ಏರಿ ದಾಟಿಸಿ ಆಚಿಗೆ ಹಾಕಸ್ರಿ. ಇಲ್ಲೇ ಕೊಳೀತು ಅಂದ್ರ ತಿರುಗಿ ಕೆರಿಗೇ ಬರ್ತೈತಿ" ಎಂದಳು. "ಏರಿ ದಾಟಿಸೋದಕ್ಕೆ ಟ್ರ್ಯಾಕ್ಟರ್ ಎಲ್ಲಿದೆ ಬಂಗಾರಮ್ಮ? ಒಣಗಿದ ಮೇಲೆ ನೋಡೋಣ" ಎಂದೆ. ಎರಡನೆಯ ಸಲ ಅವಳು ಇನ್ನೊಂದು ಮಾತು ಹೇಳಿದಳು. "ಇದು ಹಿಂಗ ಕೊಬ್ಬಾಕ ಯಾರೋ ಉಣಿಸಾಕತ್ತಾರ. ಉಣ್ಣೋರನ್ನ ಎಬ್ಬಿಸಿದ್ರಿ, ಬಡಿಸೋರನ್ನ ಬಿಟ್ರಿ. ಎಲಿ ಮುಂದ ಇನ್ನೊಬ್ಬರು ಬಂದು ಕೂಡ್ತಾರ ನೋಡ್ರಿ." ನಾನು ನಕ್ಕುಬಿಟ್ಟೆ. ಅಯ್ಯೋ ದೇವರೇ, ನಕ್ಕೆ.

ಫೆಬ್ರವರಿ ಕಳೆಯುವುದರೊಳಗೆ ಆ ಇನ್ನೊಬ್ಬರು ಬಂದು ಕೂತರು. ನೆರಳು ಹೋಗಿ ಬಿಸಿಲು ನೇರ ನೀರಿಗೆ ಬಿದ್ದದ್ದೇ ತಡ, ಕೆರೆ ಇಡಿಯಾಗಿ ಹಸಿರಾಯಿತು. ಕಳೆಯ ಹಸಿರಲ್ಲ, ಪಾಚಿಯೇರಿ ನೀರೇ ಹಸಿರು. ದಂಡೆಯಲ್ಲಿ ಬಣ್ಣದ ಡಬ್ಬಿ ಚೆಲ್ಲಿದಂತೆ ಕೆನೆ ಕಟ್ಟಿತು. ದನಗಳು ಬಂದು ಮೂಸಿ, ಮೂತಿ ತಿರುಗಿಸಿ ಹೋದವು. ಮಣಿಕಟ್ಟು ಮುಳುಗುವ ಮೊದಲೇ ಬಂಗಾರಮ್ಮನ ಬೆರಳು ಕಾಣದಾದವು. ಆ ವಾಸನೆ ಶಾಲೆಯ ಕಿಟಕಿಯಿಂದ ಬರತೊಡಗಿತು. ನನ್ನ ಹೂದಾನಿಯ ವಾಸನೆ.

ಊರಿಗೆ ಆ ವರ್ಷ ಕೆರೆ ಇನ್ನೊಂದು ಕಾರಣಕ್ಕೂ ಮುಖ್ಯವಾಗಿತ್ತು. ಕೆಲವು ವರ್ಷಗಳಿಗೊಮ್ಮೆ ಆ ಕಡೆ ಕೆರೆಬೇಟೆ ಮಾಡುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ದಿನ ಗೊತ್ತು ಮಾಡಿ, ಸುತ್ತಲ ಹತ್ತು ಹಳ್ಳಿಗೆ ಹೇಳಿ ಕಳಿಸಿ, ಗಂಡಸರೆಲ್ಲ ಮೀನಿನ ಮೇಲೆ ಕವುಚಿ ಹಾಕುವ ಬಿದಿರಿನ ಕೂಣಿ ಹಿಡಿದು ಒಮ್ಮೆಲೇ ಕೆರೆಗಿಳಿದು ಮೀನು ಹಿಡಿಯುವ ಪದ್ಧತಿ. ಮೀನು ತಿನ್ನದ ಮನೆಯವರೂ ಏರಿಯ ಮೇಲೆ ನಿಂತು ಕೂಗಿ ಗದ್ದಲ ಮಾಡುತ್ತಾರೆ. ಕೆರೆ ಸಮಿತಿಯ ಅಧ್ಯಕ್ಷ ವೀರಭದ್ರಪ್ಪನವರ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ; ಆದರೂ ಕೆರೆಬೇಟೆಗೆ ಹಳ್ಳಿ ಹಳ್ಳಿಗೆ ಹೋಗಿ ಕರೆದು ಬಂದವರು ಅವರೇ. ಯುಗಾದಿ ಮುಗಿದ ಮೇಲೆ ಎಂದು ದಿನವೂ ಗೊತ್ತಾಗಿತ್ತು.

ಯುಗಾದಿಗೆ ಎರಡು ವಾರ ಇರುವಾಗ ಕಾಲವಲ್ಲದ ಕಾಲದಲ್ಲಿ ಅಡ್ಡಮಳೆ ಬಂತು. ಒಂದು ಸಂಜೆ ಗುಡುಗಿ, ಸಿಡಿದು, ಎರಡು ತಾಸು ಜಡಿಯಿತು. ಮರುದಿನವೂ ಮೋಡ, ಬಿಸಿಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಲೆಗೆ ಬರುವಾಗ ಏರಿಯ ಮೇಲೆ ಜನ. ನೋಡಿದರೆ ದಂಡೆಯುದ್ದಕ್ಕೂ ಬೆಳ್ಳಗೆ ಮೀನು, ಹೊಟ್ಟೆ ಮೇಲಾಗಿ. ಇನ್ನೂ ಸಾಯದವು ನೀರಿನ ಮೇಲೆ ಬಾಯಿ ಬಿಡುತ್ತ, ಗಾಳಿ ಕುಡಿಯುತ್ತ ತೇಲುತ್ತಿದ್ದವು. ನಾವು ಒಟ್ಟಿದ್ದ ಅಂತರಗಂಗೆಯ ರಾಶಿ ಕೊಳೆತು, ಮಳೆಗೆ ಕರಗಿ, ಕಪ್ಪು ರಸ ಧಾರೆಧಾರೆಯಾಗಿ ಕೆರೆಗೆ ಇಳಿದದ್ದರ ಗುರುತು ಏರಿಯ ಮೈಮೇಲೆ ಎದ್ದು ಕಾಣುತ್ತಿತ್ತು. ವಿಜ್ಞಾನದ ಟೀಚರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಕೊಳೆಯೂ, ಬಿಸಿಲಿಲ್ಲದೆ ಸತ್ತ ಪಾಚಿಯೂ ಸೇರಿ ನೀರಿನ ಉಸಿರನ್ನೆಲ್ಲ ಹೀರಿಬಿಟ್ಟಿದ್ದವು.

ಆದರೆ ಊರಿನ ಕಣ್ಣು ರಾಶಿಯ ಮೇಲೆ ಬೀಳಲಿಲ್ಲ, ಬಂಗಾರಮ್ಮನ ಮೇಲೆ ಬಿತ್ತು. ಮಳೆಯ ಹಿಂದಿನ ದಿನ ಅವಳು ತೂಬು ಎತ್ತಿದ್ದಳು. ಎತ್ತಿದ್ದನ್ನು ಎಲ್ಲರೂ ನೋಡಿದ್ದರು. ಮೀನು ಸತ್ತ ದಿನವೇ ಸಂಜೆ ನಾಲ್ಕಕ್ಕೆ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಸಭೆ.

"ಯಾರನ್ನ ಕೇಳಿ ತೂಬು ಎತ್ತಿದಿ?" ವೀರಭದ್ರಪ್ಪನವರು ಗಡಸಾಗಿ ಕೇಳಿದರು. "ನೀರು ಇಳೀತು, ಮೀನು ಸತ್ತವು. ಹತ್ತು ಹಳ್ಳಿಗೆ ನಾ ಏನಂತ ಮಾರಿ ತೋರಸ್ಲಿ?"

"ತಳದ ನೀರು ನಾರಾಕತ್ತಿತ್ತು ಗೌಡ್ರ. ತೂಬು ತಳದಾಗ ಐತಿ, ಎತ್ತಿದ್ರ ಕೆಟ್ಟ ನೀರೇ ಮೊದಲು ಹೋಗ್ತೈತಿ. ಅದಕ್ಕ ಎತ್ತೀನಿ. ಎತ್ತಿದ್ದು ಹೌದು."

"ನಿನ್ನ ಕೈಗೆ ಕೊಟ್ಟದ್ದೇ ತಪ್ಪಾತು" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬರು, "ಕೆರಿಬ್ಯಾಟಿ ಹಾಳು ಮಾಡಿದ್ಲು" ಎಂದರು. ಗದ್ದಲ ಏರಿತು. ಹಿಡಿಕೆ ತಂದು ಒಪ್ಪಿಸಬೇಕು, ಇನ್ನು ಮೇಲೆ ತೂಬಿನ ಹತ್ತಿರ ಹೋಗಬಾರದು ಎಂದು ತೀರ್ಮಾನವಾಯಿತು.

ಬಂಗಾರಮ್ಮ ಆಗ ಒಮ್ಮೆ ನನ್ನ ಕಡೆ ನೋಡಿದಳು. ಒಂದೇ ಸಲ. ರಾಶಿ ಒಟ್ಟಿದ್ದು ಯಾರು, ಬೇಡ ಎಂದದ್ದು ಯಾರು, ಇಬ್ಬರಿಗೂ ಗೊತ್ತಿತ್ತು. ನಾನು ನನ್ನ ಚಪ್ಪಲಿ ನೋಡುತ್ತ ಕುಳಿತೆ. ನನಗೆ ಹೊದಿಸಿದ ಶಾಲು ನೆನಪಾಯಿತು, ಹೆಡ್ ಮಾಸ್ತರು ನೆನಪಾದರು, ನನ್ನ ಮರ್ಯಾದೆ ನೆನಪಾಯಿತು. ಅವಳು ಒಂದು ಮಾತೂ ಆಡದೆ ಮನೆಗೆ ಹೋಗಿ ಹಿಡಿಕೆ ತಂದು ಕಟ್ಟೆಯ ಮೇಲಿಟ್ಟಳು. ಕಲ್ಲಿಗೆ ಕಬ್ಬಿಣ ತಾಗಿದ ಆ ಸದ್ದಿಗೆ ನಾನು ಬೆಚ್ಚಿದೆ. ಎಣ್ಣೆ ಆಗಷ್ಟೇ ಸವರಿದ್ದಳು, ಹೊಳೆಯುತ್ತಿತ್ತು.

ಮನೆಗೆ ಬಂದು ಊರಲ್ಲಿದ್ದ ಆಯಿಗೆ, ನಮ್ಮಮ್ಮನಿಗೆ, ಫೋನ್ ಮಾಡಿದೆ. ಎಲ್ಲ ಹೇಳಿಕೊಂಡೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ತಪ್ಪು ಮಾಡಿದ್ದು ನೀನು, ಬೈಸ್ಕಂಡಿದ್ದು ಅವಳು" ಎಂದಳು ಆಯಿ. "ಇವತ್ತು ಊಟ ಹ್ಯಾಂಗೆ ಇಳೀತೇ ನಿಂಗೆ?"

"ಆನು ಎಂತ ಮಾಡ್ಲೇ ಆಯಿ? ಮಾತೇ ಬರಲ್ಲೆ."

"ಪಾಠ ಮಾಡಲೆ ಮಾತು ಬತ್ತಲೇ ನಿಂಗೆ. ಫೋನಿಡು. ನಾಳೆ ಅವಳ ಮನೆಗೆ ಹೋಗು."

ಹೋದೆ. ಬಾಗಿಲ ಪಕ್ಕದ ಗೂಟ ಖಾಲಿ ಇತ್ತು. ಎಣ್ಣೆಯ ಕಲೆ ಮಾತ್ರ ಗೋಡೆಯ ಮೇಲೆ ಉಳಿದಿತ್ತು. "ಬಂಗಾರಮ್ಮ, ನನ್ನಿಂದ ಹೀಗಾಯ್ತು" ಎಂದು ಶುರುಮಾಡಿದವಳು ಅತ್ತುಬಿಟ್ಟೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ನಿಲ್ಲಿಸಲೂ ಇಲ್ಲ. "ಅಳಬ್ಯಾಡ್ರಿ. ಅತ್ರ ಕೆರಿ ತಿಳಿ ಆಗಂಗಿಲ್ಲ. ನೀವು ಓದಿದೋರು, ಬಡಿಸೋರು ಯಾರು ಅಂತ ಹುಡುಕ್ರಿ. ನಾ ದಾರಿ ತೋರಸ್ತೀನಿ. ಚಪ್ಪಲಿ ಇಲ್ಲೇ ಬಿಡ್ರಿ" ಎಂದಳು.

ಚಪ್ಪಲಿ ಬಿಡಿಸಿದ್ದು ಶಿಕ್ಷೆಗಲ್ಲ. ಮಳೆಯ ನೀರು ಕಾಲುವೆಗಳಲ್ಲಿ ಇನ್ನೂ ಸಣ್ಣಗೆ ಹರಿಯುತ್ತಿತ್ತು. ಕೆರೆಗೆ ಬಂದು ಸೇರುವ ಒಂದೊಂದು ಕಾಲುವೆಯಲ್ಲೂ ಅವಳು ನನ್ನನ್ನು ಬರಿಗಾಲಲ್ಲಿ ನಡೆಸಿದಳು. ಕಾಡಿನ ಕಡೆಯಿಂದ ಬರುವ ಹಳ್ಳದಲ್ಲಿ ಕಲ್ಲುಗಳು ತರಿತರಿ, ಕಾಲು ಗಟ್ಟಿಯಾಗಿ ಊರುತ್ತಿತ್ತು. ಶುಂಠಿ ಹೊಲಗಳ ಕಾಲುವೆಗೆ ಕಾಲಿಟ್ಟ ಮೂರನೆಯ ಹೆಜ್ಜೆಗೇ ಜಾರಿ ಕೂತೆ. "ಹ್ಞಾಂ! ತಿಳೀತ್ರ್ಯಾ?" ಎಂದು ನಕ್ಕಳು ಮಹಾತಾಯಿ. "ಕಲ್ಲಿಗೆ ಪಾಚಿ ಹಿಡಿದು ಜಾರಿದ್ರ ಮ್ಯಾಲೆ ಉಣಿಸಾಕತ್ತಾರ ಅಂತ ಲೆಕ್ಕ." ಮೇಲೆ ಹೋಗಿ ನೋಡಿದರೆ ಮುಂದಿನ ನಾಟಿಗೆಂದು ತಂದು ಸುರಿದ ಕೋಳಿಗೊಬ್ಬರದ ಗುಡ್ಡೆಗಳು, ಬಾಯಿ ಬಿಚ್ಚಿದ ಯೂರಿಯಾ ಚೀಲಗಳು, ಮಳೆಗೆ ನೆನೆದು ನೇರ ಕಾಲುವೆಗೆ. ಹೊಲ ವೀರಭದ್ರಪ್ಪನವರದು. ನನಗೆ ಒಳಗೊಳಗೇ ಖುಷಿಯಾಯಿತು, ಸಿಕ್ಕಿಬಿದ್ದರಲ್ಲ ಎಂದು. ಬಂಗಾರಮ್ಮನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. "ಇನ್ನೂ ಐತಿ ಬರ್ರಿ" ಎಂದು ಕೇರಿಯ ಗಟಾರದ ಕಡೆಗೆ ಕರೆದೊಯ್ದಳು. ಅದೂ ಜಾರಿತು. ಕೊನೆಗೆ ಒಂದು ಸಣ್ಣ ಮೋರಿ. ಅದರ ಕಲ್ಲುಗಳ ಮೇಲೆ ನಿಲ್ಲಲಿಕ್ಕೇ ಆಗಲಿಲ್ಲ. ಅವಳ ರಟ್ಟೆ ಹಿಡಿದುಕೊಂಡು ತಲೆಯೆತ್ತಿ ನೋಡಿದೆ. ಎದುರಿಗೆ ನಮ್ಮ ಶಾಲೆಯ ಹಿಂಗೋಡೆ. ಬಿಸಿಯೂಟದ ಪಾತ್ರೆ ತೊಳೆದ ಸೋಪಿನ ನೀರು, ಒಡೆದ ಪಾಯಖಾನೆ ಗುಂಡಿಯ ನೀರು, ಎಲ್ಲ ಸೇರಿ ಅದೇ ಮೋರಿಯಲ್ಲಿ ಕೆರೆಗೆ ಹೋಗುತ್ತಿತ್ತು. ಕೆರೆ ಉಳಿಸಿ ಎಂದು ಮಕ್ಕಳ ಕೈಯಲ್ಲಿ ಬೋರ್ಡು ಹಿಡಿಸಿದ್ದೆನಲ್ಲ, ಅದೇ ಶಾಲೆ.

ಮರುದಿನ ಒಂಬತ್ತನೆಯ ತರಗತಿಯಲ್ಲಿ ಪಾಠ ಬಿಟ್ಟು ಬೇರೆ ಕೆಲಸ ಹಚ್ಚಿದೆ. ಐದು ಗಾಜಿನ ಬಾಟಲಿ. ಕಾಡಿನ ಹಳ್ಳದ ನೀರು ಒಂದರಲ್ಲಿ, ಶುಂಠಿ ಕಾಲುವೆಯದು ಇನ್ನೊಂದರಲ್ಲಿ, ಕೇರಿಯ ಗಟಾರದ್ದು, ಶಾಲೆಯ ಮೋರಿಯದು, ಐದನೆಯದರಲ್ಲಿ ಅಂತರಗಂಗೆಯ ರಾಶಿಯಿಂದ ಇಳಿಯುತ್ತಿದ್ದ ರಸ. ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ, ಒಂದೊಂದು ಚಮಚ ಕೆರೆಯ ಹಸಿರು ನೀರು ಬೀಜ ಬಿತ್ತಿದ ಹಾಗೆ ಹಾಕಿ, ಕಿಟಕಿಯ ಬಿಸಿಲಲ್ಲಿ ಇಟ್ಟೆವು. ಯಾವುದರಲ್ಲಿ ಪಾಚಿಗೆ ಊಟ ಹೆಚ್ಚಿದೆಯೋ ಅದು ಹೆಚ್ಚು ಹಸಿರಾಗಬೇಕು. ಮಕ್ಕಳು ದಿನಾ ಬಂದು ಮೂಗು ಒತ್ತಿ ನೋಡುತ್ತಿದ್ದರು. ಒಂದು ವಾರಕ್ಕೆ ಕಾಡಿನ ಹಳ್ಳದ್ದು ಇನ್ನೂ ತಿಳಿಯಾಗಿಯೇ ಇತ್ತು. ಶುಂಠಿ ಕಾಲುವೆಯದು ಕಡು ಹಸಿರು. ಶಾಲೆಯದು ಅದಕ್ಕಿಂತಲೂ ಒಂದು ಕೈ ಮೇಲೆ. "ಅಕ್ಕೋರೆ, ನಮ್ಮದೇ ಫಸ್ಟ್!" ಎಂದು ಒಬ್ಬಳು ಕೂಗಿದಳು. ಇಡೀ ತರಗತಿ ನಕ್ಕಿತು, ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು.

ಯುಗಾದಿಯ ಮರುದಿನ ಕಟ್ಟೆಯಲ್ಲಿ ಎಲ್ಲರೂ ಸೇರುವುದು ವಾಡಿಕೆ. ಹೆಡ್ ಮಾಸ್ತರು, "ಮೇಡಂ, ಶಾಲೆ ಹೆಸರು ಹಾಳಾಗ್ತದೆ, ಬಿಟ್ಟುಬಿಡಿ" ಎಂದು ನಯವಾಗಿ ಹೇಳಿದ್ದರು. ಬಾಟಲಿಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ. ಚೀಟಿ ಯಾವುದಕ್ಕೂ ಅಂಟಿಸಿರಲಿಲ್ಲ. ನಾಲ್ಕನ್ನು ಸಾಲಾಗಿ ಕಟ್ಟೆಯ ಮೇಲಿಟ್ಟು, "ವೀರಭದ್ರಪ್ಪನವರೇ, ಇದೆಲ್ಲ ನಮ್ಮ ಕೆರೆಗೆ ಸೇರುವ ನೀರು. ಕೆರೆ ಕೆಡಿಸೋದು ಯಾವುದು ಅಂತ ನೀವೇ ಆರಿಸಿ" ಎಂದೆ.

ಅವರು ಕನ್ನಡಕ ಏರಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. "ಇದರಿ. ಇದೇನು, ವಿಷ ಆಗೇತಿ! ಯಾರ ಮನಿದು ಇದು?" ಎಂದು ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನಮ್ಮ ಶಾಲೆಯದು" ಎಂದೆ.

ನಾನು ಐದನೆಯ ಬಾಟಲಿಯನ್ನೂ ತೆಗೆದೆ. ಅದು ಹಸಿರೂ ಆಗದೆ ಕಪ್ಪಗೇ ಇತ್ತು. "ಇದು ಅಂತರಗಂಗೆ ರಾಶಿಯ ರಸ. ಏರಿ ದಾಟಿಸಿ ಹಾಕಿ ಅಂತ ಬಂಗಾರಮ್ಮ ಎರಡು ಸಲ ಹೇಳಿದರು. ನಾನು ಕೇಳಲಿಲ್ಲ. ಮಳೆಗೆ ಇದೇ ಕೆರೆಗಿಳಿದು ಮೀನು ಸತ್ತವು. ಅವರು ತೂಬು ಎತ್ತಿ ಕೆಟ್ಟ ನೀರು ಹೊರಗೆ ಹಾಕದಿದ್ದರೆ ಇನ್ನೂ ಹೆಚ್ಚು ಸಾಯುತ್ತಿದ್ದವು. ಮೊನ್ನೆ ಇದೇ ಕಟ್ಟೆಯಲ್ಲಿ ನಾನಿದು ಹೇಳಬೇಕಿತ್ತು. ಹೆದರಿ ಹೇಳಲಿಲ್ಲ. ಬೈಯುವುದಿದ್ದರೆ ನನಗೆ ಬೈಯಿರಿ" ಎಂದೆ.

ಯಾರೂ ಬೈಯಲಿಲ್ಲ. ವೀರಭದ್ರಪ್ಪನವರು ಎರಡನೆಯ ಕಡು ಹಸಿರು ಬಾಟಲಿಯ ಕಡೆ ಗದ್ದ ತೋರಿಸಿ, "ಇದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಹೇಳಬ್ಯಾಡ್ರಿ, ಗೊತ್ತಾತು. ನಂದು" ಎಂದರು. "ಶಾಲಿದು ಒಂದು ಚೊಂಬು ಹರಿದ್ರ ನಂದು ಒಂದು ಹಳ್ಳ ಹರೀತೈತಿ. ಹಸರು ನಿಮ್ಮದು ಜಾಸ್ತಿ ಇದ್ರೂ ಪಾಲು ನಂದೇ ದೊಡ್ಡದು." ಆ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ. ನಾನು ಅವರನ್ನು ಸಿಕ್ಕಿಸಬೇಕೆಂದು ಒಳಗೊಳಗೇ ಖುಷಿಪಟ್ಟವಳು. ಅವರು ಹತ್ತಾರು ಜನರೆದುರು ತಾವಾಗಿಯೇ ಒಪ್ಪಿಕೊಂಡರು.

ಅವರು ಗುಡಿಯೊಳಗಿಂದ ಹಿಡಿಕೆ ತರಿಸಿ ಬಂಗಾರಮ್ಮನ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ. "ಅಕ್ಕೋರ ಕೈಯಾಗ ಕೊಡ್ರಿ. ಅವರು ಕೊಟ್ರ ತಗೋತೀನಿ" ಎಂದಳು. ಅದರ ಭಾರ ನನಗೆ ಅವತ್ತೇ ಗೊತ್ತಾದದ್ದು. ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟೆ. ಕೈಗೆ ಅಂಟಿದ ಎಣ್ಣೆಯನ್ನು ಮನೆಗೆ ಹೋಗುವವರೆಗೂ ಒರೆಸಿಕೊಳ್ಳಲಿಲ್ಲ.

ಆಮೇಲಿನ ಎರಡು ತಿಂಗಳು ಆ ಊರು ಮಾಡಿದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆರೆಬೇಟೆ ನಿಂತಿತು, ಆದರೆ ಅದೇ ದಿನಕ್ಕೆ ಹತ್ತು ಹಳ್ಳಿಯವರು ಬಂದರು, ಕೂಣಿಯ ಬದಲು ಬುಟ್ಟಿ ಹಿಡಿದು. ನೀರು ಇಳಿದ ಕಡೆಯೆಲ್ಲ ಗೋಡು ಎತ್ತಿದರು. ಕೆರೆಯ ತಳದಲ್ಲಿ ಕೂತ ಆ ಕರಿ ಮಣ್ಣನ್ನು ಹಿಂದೆ ಪ್ರತಿ ಬೇಸಿಗೆ ಗದ್ದೆಗೆ ಹೊರುತ್ತಿದ್ದರಂತೆ. ಚೀಲದ ಗೊಬ್ಬರ ಬಂದ ಮೇಲೆ ಬಿಟ್ಟಿದ್ದರು. ಗದ್ದೆಯಿಂದ ತೊಳೆದು ಹೋದದ್ದು ಗದ್ದೆಗೇ ವಾಪಸು ಬರುವ ಆ ದಾರಿ ಮುಚ್ಚಿದ್ದೇ ಕೆರೆಯ ಹೊಟ್ಟೆ ಕೆಡಲು ಒಂದು ಕಾರಣ. ಮೊದಲ ಬುಟ್ಟಿ ಬಂಗಾರಮ್ಮ ಹೊತ್ತಳು. ಅಂತರಗಂಗೆಯ ರಾಶಿಯನ್ನು ಟ್ರ್ಯಾಕ್ಟರಿನಲ್ಲಿ ಏರಿ ದಾಟಿಸಿ ಗೊಬ್ಬರದ ಗುಂಡಿಗೆ ಹಾಕಿದರು. ಟ್ರ್ಯಾಕ್ಟರು ವೀರಭದ್ರಪ್ಪನವರದೇ. ಅವರು ಕೋಳಿಗೊಬ್ಬರವನ್ನು ತಗಡಿನ ಮಾಡಿನ ಕೆಳಗೆ ಸಾಗಿಸಿ, ಶುಂಠಿ ಹೊಲದ ಕೆಳ ಅಂಚಿಗೆ ಉದ್ದಕ್ಕೂ ಲಾವಂಚದ ಬೇಲಿ ನೆಡಿಸಿದರು. ಅದರ ಬೇರು ಕೊಚ್ಚಿ ಬರುವ ಮಣ್ಣನ್ನೂ ಗೊಬ್ಬರವನ್ನೂ ಅಲ್ಲೇ ತಡೆಯುತ್ತದೆ. ಯೂರಿಯಾ ಒಂದೇ ಸಲ ಎರಚದೆ, ಮಳೆ ಬಿಡುವು ಕೊಟ್ಟಾಗ ಸ್ವಲ್ಪ ಸ್ವಲ್ಪ ಹಾಕುವುದು ಎಂದಾಯಿತು. ಕೇರಿಯವರು ಗಟಾರದ ಬಾಯಿಗೆ ಇಂಗುಗುಂಡಿ ತೋಡಿದರು. ಶಾಲೆಯ ಪಾಯಖಾನೆ ಗುಂಡಿ ಕಟ್ಟಿಸಲು ಹೆಡ್ ಮಾಸ್ತರೇ ಓಡಾಡಿದರು. ಪಾತ್ರೆ ತೊಳೆದ ನೀರು ಬಾಳೆ ಮತ್ತು ಹೂ ಬಿಡುವ ಕಾಬಾಳೆ ಗಿಡಗಳ ಮಡಿಗೆ ಹೋಗತೊಡಗಿತು.

ಜೂನಿನಲ್ಲಿ ಮಳೆ ಹಿಡಿಯಿತು. ನಾನು ಬಂಗಾರಮ್ಮನ ಜೊತೆ ಛತ್ರಿ ಹಿಡಿದು ಶುಂಠಿ ಕಾಲುವೆಗೆ ಹೋದೆ, ಚಪ್ಪಲಿ ಬಿಟ್ಟು. ಜಾರಿದೆ, ಆದರೆ ಬೀಳಲಿಲ್ಲ. ಕೆರೆ ಮಾತ್ರ ತಿಳಿಯಾಗಲಿಲ್ಲ. "ತಳದಾಗಿಂದು ಇನ್ನೂ ಬಾಕಿ ಐತಿ. ವರ್ಷಗಟ್ಟಲೆ ತಿಂದದ್ದು, ಒಂದು ಮಳಿಗೆ ಅರಗಂಗಿಲ್ಲ" ಎಂದಳು. ಸೆಪ್ಟೆಂಬರಿನಲ್ಲಿ ಮತ್ತೆ ಹಸಿರು ಕಟ್ಟಿತು, ಮೊದಲಿನಷ್ಟಲ್ಲ. ನನಗೆ ಅಳು ಬಂತು. ಅವಳು ಕೈ ಒರೆಸಿಕೊಂಡು, "ಮಣಿಕಟ್ಟು ದಾಟೇತಿ, ನಾಕು ಬೆರಳು ಮ್ಯಾಲ" ಎಂದಳು. ಅಕ್ಟೋಬರಿನಲ್ಲಿ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ಕೆರೆ ಏನಾಯಿತು ಎಂದು ನೋಡದೆಯೇ ಬಂದೆ. ಫೋನಿನಲ್ಲಿ ಕೇಳಿದರೆ "ಬಂದು ನೋಡ್ರಿ" ಎನ್ನುವುದಷ್ಟೇ ಅವಳ ಉತ್ತರ. ನಾಲ್ಕು ವರ್ಷ ಹೋಗಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದೆ, ನಿಜವಾಗಿ ಭಯವಿತ್ತು.

ಹೂದಾನಿ ತೊಳೆದಿಟ್ಟ ಆ ವಾರದ ಭಾನುವಾರ ಬಸ್ಸು ಹತ್ತಿದೆ. ಶಿರಸಿಯಲ್ಲಿ ಇಳಿದು ಇನ್ನೊಂದು ಬಸ್ಸು. ಏರಿಯ ಹತ್ತಿರ ಇಳಿಯುವಾಗಲೇ ಮೊದಲು ಗಾಳಿಯನ್ನು ಮೂಸಿದೆ. ಬರಿ ನೀರಿನ ವಾಸನೆ. ಬಂಗಾರಮ್ಮ ತೂಬಿನ ಚಪ್ಪಡಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. "ಬಂದ್ರ್ಯಾ? ಮಲಗ್ರಿ" ಎಂದಳು. ಯೋಗಕ್ಷೇಮ ಕೇಳುವ ಶಾಸ್ತ್ರವೂ ಇಲ್ಲ.

ಇಸ್ತ್ರಿ ಸೀರೆಯಲ್ಲಿ ಚಪ್ಪಡಿಯ ಮೇಲೆ ಬೋರಲಾಗಿ ಮಲಗಿ ಕೈ ಇಳಿಸಿದೆ. ಮಣಿಕಟ್ಟು ಮುಳುಗಿತು, ಐದೂ ಬೆರಳು ಕಂಡವು. ಇನ್ನೂ ಇಳಿಸಿದೆ. ಮೊಳಕೈ ಮುಳುಗಿತು. ಹೆಬ್ಬೆರಳು, ತೋರು, ನಡು, ಉಂಗುರ, ಕಿರು. ಎಲ್ಲ ಇದ್ದವು, ಸ್ವಲ್ಪ ಮಸುಕಾಗಿ, ಸ್ವಲ್ಪ ಹಳದಿಯಾಗಿ, ಆದರೆ ಇದ್ದವು. "ಬಂಗಾರಮ್ಮ, ಐದೂ ಕಾಣ್ತವೆ!" ಎಂದು ಕೂಗಿದೆ. ನನ್ನ ದನಿ ನನಗೇ ಮಕ್ಕಳ ದನಿಯಂತೆ ಕೇಳಿಸಿತು.

"ಹೂಂ. ಮೊಳಕೈ ನೀರು. ರಟ್ಟಿಗೆ ಇನ್ನೂ ಟೈಮ್ ಐತಿ."

ಕೈ ನೀರಲ್ಲೇ ಇಟ್ಟುಕೊಂಡು, ಮುಖ ಕಾಣದ ಧೈರ್ಯದಲ್ಲಿ, ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಕೇಳಿದೆ. "ಬಂಗಾರಮ್ಮ, ಮೊದಲನೇ ಸಭೆಯಲ್ಲಿ ನೀವು ನನ್ನ ಹೆಸರು ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ಹಿಡಿಕೆ ಹೋಗುತ್ತಿರಲಿಲ್ಲ. ನನ್ನ ಮರ್ಯಾದೆ ಉಳಿಸಿದಿರಾ?"

"ನಿಮ್ಮ ಮರ್ಯಾದಿ ಯಾರಿಗೆ ಬೇಕಾಗಿತ್ತರಿ?" ಎಂದು ಪಕ್ಕಕ್ಕೆ ಉಗಿದಳು. "ರಾಶಿ ಒಟ್ಟಾಕ ಹೇಳಿದ್ದು ನೀವು, ಒಟ್ಟಿದ್ದು ಮಕ್ಕಳ ಕೈ. ನಿಮ್ಮ ಹೆಸರು ಹೇಳಿದ್ರ ಅವರ ಹೆಸರೂ ಬರ್ತಿತ್ತು. ಊರಿಗೂರೇ ಬೈದಿದ್ರ ಆ ಮಕ್ಕಳು ಇನ್ನೊಮ್ಮಿ ಕೆರಿ ಕಡೆ ಮಾರಿ ಹಾಕ್ತಿದ್ರೇನು? ಹಿಡಿಕಿ ಹೋದ್ರ ಇನ್ನೊಂದು ಮಾಡಸ್ಬೋದು."

ಏರಿಯ ಮೇಲಿಂದ ಕಾಲೇಜಿಗೆ ಹೋಗುವ ವಯಸ್ಸಿನ ಇಬ್ಬರು ಹುಡುಗಿಯರು ಇಳಿದು ಬಂದರು. ಒಬ್ಬಳನ್ನು ಗುರುತಿಸಿದೆ, 'ನಮ್ಮದೇ ಫಸ್ಟ್' ಎಂದು ಕೂಗಿದವಳು. "ಅಕ್ಕೋರೆ, ಸ್ವಲ್ಪ ಸರೀರಿ, ಇವತ್ತು ಭಾನುವಾರ, ನೀರು ನೋಡೋ ಪಾಳಿ ನಮ್ಮದು" ಎಂದು ಚಪ್ಪಡಿಯ ಮೇಲೆ ನನ್ನ ಪಕ್ಕದಲ್ಲೇ ಮಲಗಿ, ಅಂಗಿಯ ತೋಳು ಮಡಚಿ, ನೀರಿಗೆ ಕೈ ಬಿಟ್ಟಳು. ನಾನು ಸರಿದು ಜಾಗ ಕೊಟ್ಟೆ. ನೀರಿನ ಒಳಗೆ ನನ್ನ ಕೈ ಪಕ್ಕ ಅವಳ ಕೈ ಇಳಿಯಿತು. ಇಬ್ಬರೂ ಎಣಿಸಿದೆವು. ಹತ್ತು ಬೆರಳು ಕಂಡವು.